ಎಲಚಿ ಹಣ್ಣಿನ ಗಾತ್ರದ ಮಣಿ

ಕಾಲೇಜಿನಲ್ಲಿ ನಾನು ಗೆದ್ದ ಕೊನೆಯ ಚರ್ಚಾಸ್ಪರ್ಧೆಯ ವಿಷಯ ‘ಪ್ಲಾಸ್ಟಿಕ್ ನಿಷೇಧ ಬರೀ ಮಾತು’ ಅನ್ನುವುದು. ಪರವಾಗಿ ಮಾತಾಡಿದೆ, ಗೆದ್ದೆ. ಬಹುಮಾನದ ಕಪ್ ಥರ್ಮಾಕೋಲಿನ ಗೂಡಿನಲ್ಲಿತ್ತು, ಆ ಗೂಡು ಒಂದು ಪ್ಲಾಸ್ಟಿಕ್ ಚೀಲದಲ್ಲಿತ್ತು, ಆ ಚೀಲ ಇನ್ನೊಂದು ಪ್ಲಾಸ್ಟಿಕ್ ಚೀಲದಲ್ಲಿತ್ತು. ನನ್ನ ವಾದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ.

ಸುಲಭಕ್ಕೆ ನಂಬುವವಳಲ್ಲ ನಾನು. ಯಾರಾದರೂ ‘ಇದು ನೈಸರ್ಗಿಕ’ ಅಂದರೆ, ‘ಹಾವಿನ ವಿಷವೂ ನೈಸರ್ಗಿಕವೇ’ ಅನ್ನುತ್ತಿದ್ದೆ. ನನ್ನ ಜೊತೆ ಸೋಪು ಕೊಳ್ಳಲು ಹೋಗುವುದೂ ಮನೆಯವರಿಗೆ ಬೇಸರದ ಕೆಲಸ. ಹೊದಿಕೆಯ ಹಿಂಬದಿ ಓದಿ, ಅಂಗಡಿಯವನನ್ನು ಪ್ರಶ್ನೆ ಕೇಳಿ, ಹಿಂದೆ ನಿಂತ ಸಾಲನ್ನೆಲ್ಲ ಕಾಯಿಸುತ್ತಿದ್ದೆ. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ. ಮುಂದೆ ಆದದ್ದು ಇಂಥವಳಿಂದಲೇ ಆಯಿತು ಅನ್ನುವುದಕ್ಕೆ ಹೇಳುತ್ತಿದ್ದೇನೆ.

ಓದು ಮುಗಿದ ಮೇಲೆ ಒಂದು ವರ್ಷ ಚನ್ನಪಟ್ಟಣದಲ್ಲಿ ಮಾವನ ಮನೆಯಲ್ಲಿದ್ದೆ. ಮಾವ ಅಂದರೆ ಅಮ್ಮನ ತಮ್ಮ. ಮನೆಯ ಹಿಂದೆ ಶೀಟಿನ ಕೆಳಗೆ ಮಿಷನ್ ಹಾಕಿಕೊಂಡು ಗೊಂಬೆ ಕಡೆಯುತ್ತಾರೆ. ಆಲೆ ಅನ್ನುವ ಮೆದು ಮರದ ತುಂಡು ಮಿಷನ್ನಿನಲ್ಲಿ ಗಿರಗಿರ ತಿರುಗುತ್ತಿರುವಾಗಲೇ ಉಳಿ ಹಿಡಿದು ರೂಪ ಕೊಡುತ್ತಾರೆ, ಆಮೇಲೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ತಿರುಗುವ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಅದರ ಮೇಲೆ ತಾಳೆಗರಿ ಹಿಡಿದರೆ ಮುಖ ಕಾಣುವಷ್ಟು ಹೊಳಪು. ಅವರು ಹೆಚ್ಚಾಗಿ ಮಾಡುತ್ತಿದ್ದುದು ಕೂಸುಗಳ ಗಿಲಕಿ.

ಮಾವನಿಗೆ ಒಂದು ಅಭ್ಯಾಸವಿತ್ತು, ಅದು ಅವರಪ್ಪನಿಂದ ಬಂದದ್ದು. ಹೊಸ ಬಣ್ಣ ಹಾಕಿದ ಮೊದಲ ಸಾಮಾನನ್ನು ಬಾಯಿಗೆ ಹಾಕಿಕೊಳ್ಳುವುದು. ಗಿರಾಕಿ ಎದುರಿಗಿದ್ದರಂತೂ ಗಿಲಕಿಯ ತುದಿಯನ್ನು ಕಬ್ಬಿನ ಜಲ್ಲೆಯ ಹಾಗೆ ಚೀಪಿ ತೋರಿಸುತ್ತಿದ್ದರು. “ನೋಡಿ ಸಾರ್, ಅರಗು, ಅರಿಶಿನ, ಇಷ್ಟೇಯಾ. ಮಗ ಬಾಯಿಗ್ ಹಾಕ್ಕಂಡ್ರೂ ಏನೂ ಆಗಕಿಲ್ಲ.” ಗಿರಾಕಿಗಳು ನಗುತ್ತಿದ್ದರು, ನಂಬುತ್ತಿದ್ದರು. ನಾನು ಮಾತ್ರ ಶುರುವಿನಲ್ಲಿ ತಗಾದೆ ತೆಗೆದಿದ್ದೆ.

“ಮಾವ, ನೀನು ಬೀಡಿ ಸೇದೋನು. ನಿನ್ನ ನಾಲಿಗೆ ಎಂಥ ಸಾಕ್ಷಿ?”

“ಲೇ ಲಾಯರಮ್ಮ, ನಲವತ್ತು ವರ್ಸದಿಂದ ಚೀಪ್ತಾ ಇವ್ನಿ, ಸತ್ತೋದ್ನಾ?”

ಆ ವಾದವನ್ನು ನಾನು ಬಿಟ್ಟುಕೊಟ್ಟೆ. ಅರಗಿನ ಬಣ್ಣದ ವಿಷಯದಲ್ಲಿ ಅವರು ಹೇಳಿದ್ದು ಸರಿಯೇ ಇತ್ತು.

ಹೊಸ ಹೈವೇ ಊರಾಚೆ ಹೋದ ಮೇಲೆ ಕಾರುಗಳು ಒಳಗೆ ಬರುವುದು ಕಮ್ಮಿಯಾಯಿತು. ರಾಮನಗರದ ಒಬ್ಬ ಅಂಗಡಿಯವರು, ಗಿಲಕಿಗಳನ್ನು ಪಾರ್ಸೆಲಲ್ಲೂ ಕಳಿಸೋಣ, ಆದರೆ ಡಬ್ಬದಲ್ಲಿ ಒಂದು ಚೂರೂ ಪ್ಲಾಸ್ಟಿಕ್ ಇರಬಾರದು ಅಂದರು. ಈಗಿನ ತಾಯಂದಿರು ಅದನ್ನೇ ಕೇಳುತ್ತಾರಂತೆ. ಆ ಕೆಲಸ ನನ್ನ ಪಾಲಿಗೆ ಬಂತು.

ನಾನು ಬಿಡಲಿಲ್ಲ. ಡಬ್ಬ ಮಾರುವವನೊಬ್ಬ ಹೊಳೆಯುವ ಸ್ಯಾಂಪಲ್ ತಂದು “ಪೂರಾ ಇಕೋ ಫ್ರೆಂಡ್ಲಿ ಮೇಡಂ” ಅಂದ. ಅವನೆದುರಿಗೇ ಅದನ್ನು ಬಕೆಟ್ಟಿನ ನೀರಿಗೆ ಹಾಕಿದೆ. ಅವನು ಟೀ ಕುಡಿದು ಮುಗಿಸುವಷ್ಟರಲ್ಲಿ ಕಾಗದ ಮೆತ್ತಗಾಯಿತು, ಒಳಗಿಂದ ಹಾಲಿನ ಕೆನೆಯ ಹಾಗೆ ಪ್ಲಾಸ್ಟಿಕ್ ಪದರ ಎದ್ದು ಬಂತು. ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, “ಇದು ಯಾರ ಫ್ರೆಂಡು?” ಅಂತ ಕೇಳಿದೆ. ಮಾವ ಮಿಷನ್ ನಿಲ್ಲಿಸಿ ನಕ್ಕರು. ಅವನು ಮತ್ತೆ ಬರಲಿಲ್ಲ.

ಕೊನೆಗೆ ನಾನೇ ಮಾಡಿದೆ. ಬಣ್ಣವಿಲ್ಲದ ದಪ್ಪ ರಟ್ಟಿನ ಡಬ್ಬ, ಅಂಟಿಲ್ಲದೆ ಮಡಚುವಂಥದ್ದು. ಗಿಲಕಿ ಅಲ್ಲಾಡದ ಹಾಗೆ ಒಳಗೆ ತುಂಬಲು ಮಿಷನ್ನಿನ ಕೆಳಗೆ ಬೀಳುವ ಮರದ ಸುರುಳಿ. ಅವುಗಳಲ್ಲಿ ಕೆಂಪು, ಹಳದಿ ಅರಗು ಹತ್ತಿದವೂ ಇರುತ್ತಿದ್ದವು, ನೋಡಲು ಚೆಂದ. ಉಳಿದದ್ದು ಮುಚ್ಚಳ. ಟೇಪ್ ಅಂದರೆ ಪ್ಲಾಸ್ಟಿಕ್ಕೇ, ಆಗದು. ಅಂಗಿಗೆ ಗುಂಡಿ ಹಾಕುವ ಹಾಗೆ ಮುಚ್ಚಳಕ್ಕೆ ಒಂದು ಮಣಿ ಕಟ್ಟಿ, ಹತ್ತಿಯ ದಾರವನ್ನು ಅದಕ್ಕೆ ಸುತ್ತಿದರೆ? ಗಿಲಕಿ ಕಡೆದು ಉಳಿದ ಚೂರುಗಳು ಹೇಗೂ ಒಲೆಗೆ ಹೋಗುತ್ತಿದ್ದವು. ಮಾವ ಅಂಥ ಒಂದು ಚೂರಿನಿಂದ ಎಲಚಿ ಹಣ್ಣಿನ ಗಾತ್ರದ ಮಣಿ ಕಡೆದು ಕೆಂಪು ಅರಗು ಹಿಡಿದರು. ಅಂಗೈಯಲ್ಲಿ ಇಟ್ಟುಕೊಂಡರೆ ಬಾಯಲ್ಲಿ ನೀರೂರುವ ಹಾಗಿತ್ತು.

ಮಾವ ಅದನ್ನು ಬಾಯಿಗೆ ಹಾಕಿಕೊಂಡರು. ಪೆಪ್ಪರ್‌ಮೆಂಟಿನ ಹಾಗೆ ಈ ಕೆನ್ನೆಯಿಂದ ಆ ಕೆನ್ನೆಗೆ ಹೊರಳಿಸುತ್ತ, “ಬಣ್ಣ ಬುಡಾಕಿಲ್ಲ ಕಣಮ್ಮಿ. ಪಾಸು,” ಅಂದರು. ನಾನು ನಕ್ಕೆ. ಎಲ್ಲದಕ್ಕೂ ಸಾಕ್ಷಿ ಕೇಳುವವಳು ಅವತ್ತು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮಣಿ ನನ್ನ ಯೋಚನೆಯಾಗಿತ್ತಲ್ಲ.

ಡಬ್ಬದೊಳಗೆ ಇಡಲು ಒಂದು ಚೀಟಿಯನ್ನೂ ಬರೆದೆ. ‘ಇದರಲ್ಲಿ ಪ್ಲಾಸ್ಟಿಕ್ ಇಲ್ಲ. ಗಿಲಕಿ ಮಗುವಿಗೆ, ಮಿಕ್ಕಿದ್ದೆಲ್ಲ ತಿಪ್ಪೆಗೆ.’

ಮೊದಲ ಇಪ್ಪತ್ನಾಲ್ಕು ಡಬ್ಬ ರಾಮನಗರದ ಅಂಗಡಿಗೆ ಹೋದವು. ಇಪ್ಪತ್ತೈದನೆಯದು ಮಾಗಡಿ ಹತ್ತಿರದ ತಿಪ್ಪಸಂದ್ರಕ್ಕೆ, ಅಕ್ಕನ ಮನೆಗೆ. ಅಕ್ಕನ ಮಗನಿಗೆ ಆಗ ಹತ್ತು ತಿಂಗಳು. ಕೆಳಗಡೆ ಎರಡು ಹಲ್ಲು ಬಂದಿದ್ದವು.

ಎರಡು ದಿನ ಬಿಟ್ಟು ಬೆಳಗ್ಗೆ ಹನ್ನೊಂದರ ಹೊತ್ತಿಗೆ ಅಕ್ಕ ಫೋನ್ ಮಾಡಿದಳು.

“ನಿನ್ ಗಿಲಕಿ ಯಾರಿಗ್ ಬೇಕಾಗಿತ್ತೇ? ಇವನಿಗೆ ಡಬ್ಬನೇ ಬೇಕಂತೆ. ಬೆಳಗಿಂದ ಅದ್ನೇ ಬಡೀತಾವ್ನೆ.”

ನನಗೆ ಖುಷಿಯಾಯಿತು. “ಡಬ್ಬ ಮುರೀಲಿಲ್ವಾ?”

“ಗಟ್ಟಿಯಾಗೇ ಐತೆ. ದಾರ ಕಿತ್ತಾಕ್ಬುಟ್ಟ ಅಷ್ಟೇಯ. ಆ ಕೆಂಪು ಮಣಿ ಎಲ್ಲಿ ಬಿತ್ತೋ, ಕಾಣ್ತಿಲ್ಲ.”

ಅವಳ ಮಾತಿನ ಹಿಂದೆ ಮಗು ಕೆಮ್ಮಿದ್ದು ಕೇಳಿಸಿತು.

“ಅವನಿಗೆ ಶೀತ ಆಗೈತಾ?”

“ಇಲ್ವಲ್ಲ. ಒಸಿ ಹೊತ್ತಿಂದ ಹಿಂಗೇ ಕೆಮ್ತಾವ್ನೆ.”

ಮಾವ ನನ್ನೆದುರಿಗೇ ಎರಡನೆಯ ಕಂತಿನ ಮಣಿಗಳಿಗೆ ಹೊಳಪು ಕೊಡುತ್ತಿದ್ದರು. ಹಲಗೆಯ ಮೇಲೆ ಸಾಲಾಗಿ ಇದ್ದವು, ದುಂಡಗೆ, ನುಣ್ಣಗೆ, ಕೆಂಪಗೆ. ಒಂದನ್ನು ಎತ್ತಿಕೊಂಡೆ. ಎರಡು ಬೆರಳ ನಡುವಿಂದ ಅದು ತಾನಾಗಿ ಜಾರಿತು. ಜಾರಲೆಂದೇ ಮಾಡಿದ ಹಾಗಿತ್ತು.

“ಅಕ್ಕ, ಅವನ ಬಾಯಿ ನೋಡು.”

“ಏನಾಯ್ತೇ?”

“ನೋಡು ಮೊದ್ಲು!”

ಅವಳು ಫೋನ್ ಕೆಳಗಿಟ್ಟ ಸದ್ದು. ಮಗು ಕಿರುಚಿತು. ಕಿರುಚಿದ್ದು ಒಳ್ಳೆಯದು, ಉಸಿರಿದೆ ಅಂದುಕೊಂಡೆ. ಮತ್ತೆ ಕೆಮ್ಮು. ಅಕ್ಕ ಬಂದಳು. ಅವಳ ದನಿ ಬದಲಾಗಿತ್ತು.

“ಬಾಯಲ್ಲಿ ಏನೂ ಕಾಣ್ತಿಲ್ಲ. ಬೆರಳು ಹಾಕಿ ನೋಡ್ಲಾ?”

“ಗೊತ್ತಿಲ್ಲ,” ಅಂದೆ.

ಆ ಮಾತನ್ನು ನಾನು ಅದಕ್ಕೆ ಮೊದಲು ಯಾರಿಗೂ ಹೇಳಿದ ನೆನಪಿಲ್ಲ. “ನಂಗೊತ್ತಿಲ್ಲ ಕಣಕ್ಕ. ಭಾವನ್ನ ಕರ್ಕೊಂಡು ಮಾಗಡಿ ಆಸ್ಪತ್ರೆಗೆ ಓಡು. ನಾವು ಬತ್ತಾ ಇದೀವಿ.”

ಮಾವ ಆಗಲೇ ಎದ್ದಿದ್ದರು. ಮಿಷನ್ನಿನ ಸ್ವಿಚ್ಚು ಆರಿಸಿದರು, ಸ್ಕೂಟರ್ ತೆಗೆದರು.

ರಾಮನಗರ ದಾಟಿ ಮಾಗಡಿ ದಾರಿಗೆ ತಿರುಗಿದೆವು. ಬಂಡೆಗಳ ನಡುವಿನ ತಿರುವುಗಳಲ್ಲಿ ಸ್ಕೂಟರ್ ತಿಣುಕುತ್ತ ಹತ್ತುತ್ತಿತ್ತು. ಫೋನನ್ನು ಅಂಗೈಯಲ್ಲೇ ಹಿಡಿದಿದ್ದೆ. ಅದು ನಡುಗಿದರೆ ಸಾಕು ಅನ್ನಿಸುತ್ತಿತ್ತು, ನಡುಗದಿದ್ದರೆ ಸಾಕು ಅಂತಲೂ ಅನ್ನಿಸುತ್ತಿತ್ತು. ಹಳೇ ಚಟ, ತಲೆಯೊಳಗೆ ಎರಡೂ ಕಡೆಯಿಂದ ವಾದ ಶುರುವಾಯಿತು. ಮಣಿ ಮಂಚದ ಕೆಳಗೆ ಉರುಳಿರಬಹುದು. ಹಾಗಾದರೆ ಕೆಮ್ಮು ಯಾಕೆ? ಕೂಸುಗಳು ಜೊಲ್ಲಿಗೂ ಕೆಮ್ಮುತ್ತವೆ. ಹಾಗಾದರೆ ಮಣಿ ಎಲ್ಲಿ? ಒಂದೊಂದು ಸುತ್ತಿನಲ್ಲೂ ಕೊನೆಯ ಮಾತು ಅದೇ. ಎದುರಾಳಿಯ ಸಾಲಿನಲ್ಲಿ ಕೂತಿದ್ದು ಹತ್ತು ತಿಂಗಳ ಕೂಸು. ಅದಕ್ಕೆ ನಾನು ಏನನ್ನು ಸಾಬೀತು ಮಾಡಲಿ?

ಆಸ್ಪತ್ರೆಯ ಬೆಂಚಿನ ಮೇಲೆ ಅಕ್ಕ ಮಗನನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡಿದ್ದಳು. ಮಲಗಿಸಿದರೆ ಏನಾದೀತೋ ಅಂತ ಭಯ. ಮಗು ನನ್ನನ್ನು ಕಂಡು ನಕ್ಕಿತು. ನಕ್ಕು ಕೆಮ್ಮಿತು. ಅಕ್ಕ ನಗಲಿಲ್ಲ.

“ಬಾಯಿಗ್ ಹಾಕ್ಕಂಡ್ರೂ ಏನೂ ಆಗಲ್ಲ ಅಂದಿದ್ರಲ್ಲ ನೀವು,” ಅಂದಳು. ಜಗಳದ ದನಿಯಲ್ಲ. ನಿಜವಾಗಿಯೂ ಕೇಳುತ್ತಿದ್ದಳು.

ಮಾವ ಗೋಡೆಗೆ ಒರಗಿದರು.

ಡಾಕ್ಟರ್ ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವರಿದ್ದಿರಬಹುದು. ಎಕ್ಸ್-ರೇ ಹಿಡಿದುಕೊಂಡು ಬಂದರು. “ಇದರಲ್ಲಿ ಏನೂ ಕಾಣ್ತಿಲ್ಲ,” ಅಂದರು. ನಾನು ಉಸಿರು ಬಿಟ್ಟೆ. “ಹಾಗಂತ ಏನೂ ಇಲ್ಲ ಅಂತಲ್ಲ. ಕಾಸು ನುಂಗಿದ್ರೆ ಕಾಣುತ್ತೆ. ಮರ ಹಾಗಲ್ಲ, ಎಕ್ಸ್-ರೇಲಿ ಕಾಣಿಸೋದು ಕಷ್ಟ.”

“ಹಂಗಾದ್ರೆ ಹೆಂಗೆ ಗೊತ್ತಾಗೋದು?” ಅಂತ ಭಾವ ಕೇಳಿದರು.

“ಎದೆಯ ಎರಡೂ ಕಡೆ ಗಾಳಿ ಹೋಗ್ತಾ ಇದೆ, ಅದು ಒಳ್ಳೇದು. ಆದ್ರೆ ಕೆಮ್ಮು ನಿಂತಿಲ್ಲ. ಇನ್ನು ಸ್ವಲ್ಪ ಹೊತ್ತು ನೋಡಿ ಬೆಂಗಳೂರಿಗೆ ಕಳಿಸ್ತೀನಿ. ಅಲ್ಲಿ ಮತ್ತು ಬರೋ ಇಂಜೆಕ್ಷನ್ ಕೊಟ್ಟು, ಗಂಟಲೊಳಕ್ಕೆ ಪೈಪ್ ಬಿಟ್ಟು ನೋಡ್ತಾರೆ. ಆ ಮಣಿ ಮನೇಲೇ ಸಿಕ್ಕಿಬಿಟ್ರೆ ಅದ್ಯಾವುದೂ ಬೇಕಾಗಲ್ಲ. ಸರಿಯಾಗಿ ಹುಡುಕಿದ್ದೀರಾ?”

ಅಕ್ಕ ಅಷ್ಟು ಸಣ್ಣ ಮಗುವಿಗೆ ಮತ್ತು ಬರಿಸುತ್ತಾರೆ ಅಂದದ್ದು ಕೇಳಿ ಅಳಲು ಶುರುಮಾಡಿದಳು. ನಾನೂ ಮಾವನೂ ತಿಪ್ಪಸಂದ್ರಕ್ಕೆ ಹೊರಟೆವು.

ಮನೆಯಲ್ಲಿದ್ದವರು ಅಕ್ಕನ ಅತ್ತೆ ಒಬ್ಬರೇ, ಮಗುವಿನ ಅಜ್ಜಿ. ಮಂಚ ಸರಿಸಿದೆವು, ಚಾಪೆ ಕೊಡವಿದೆವು, ಗೋಡೆ ಬದಿಯ ಮೂಟೆಗಳನ್ನು ಒಂದೊಂದಾಗಿ ಎತ್ತಿ ನೋಡಿದೆವು. ಮಣಿ ಇಲ್ಲ. ಡಬ್ಬ ಖಾಲಿ ಬಿದ್ದಿತ್ತು. ಖಾಲಿ!

“ಅಜ್ಜಿ, ಇದರೊಳಗಿದ್ದ ಮರದ ಸುರುಳಿ ಏನ್ ಮಾಡಿದ್ರಿ?”

“ಮನೆಯೆಲ್ಲ ಚೆಲ್ಲಾಡ್ಬುಟ್ಟಿದ್ದ ನಿಮ್ ಮಗರಾಯ. ಗುಡಿಸಿ ತಿಪ್ಪೆಗಾಕ್ದೆ. ನೀನೇ ತಾನೆ ಚೀಟೀಲಿ ಬರ್ದಿದ್ದೆ, ಮಿಕ್ಕಿದ್ದೆಲ್ಲ ತಿಪ್ಪೆಗೆ ಅಂತ. ನಿಮ್ಮಕ್ಕ ಓದಿ ಹೇಳಿದ್ಲು.”

ತಿಪ್ಪೆ ಕೊಟ್ಟಿಗೆಯ ಪಕ್ಕದಲ್ಲಿತ್ತು. ಬೆಳಗ್ಗೆ ಕಸ ಸುರಿದ ಮೇಲೆ ಹಸುವಿನ ಸಗಣಿಯೂ ಅದರ ಮೇಲೆ ಬಿದ್ದಿತ್ತು. ಮೊಣಕಾಲೂರಿ ಎರಡೂ ಕೈ ಹಾಕಿದೆ. ಮೊದಲ ಹಿಡಿಯಲ್ಲೇ ಕೆಂಪು ಕಂಡಿತು. ಎದೆ ಹಾರಿತು. ಅದು ಅರಗು ಹತ್ತಿದ ಸುರುಳಿ. ಮತ್ತೆ ಕೆಂಪು, ಮತ್ತೆ ಸುರುಳಿ. ಈರುಳ್ಳಿ ಸಿಪ್ಪೆ. ಹುಣಸೆ ಬೀಜ. ಚೆಂದ ಕಾಣಲಿ ಅಂತ ನಾನೇ ಆರಿಸಿ ತುಂಬಿದ್ದ ಬಣ್ಣದ ಸುರುಳಿಗಳು ಒಂದೊಂದೂ ಮಣಿಯ ಹಾಗೆ ಕಂಡು ನನಗೆ ಮೋಸ ಮಾಡುತ್ತಿದ್ದವು.

“ಓದಿರೋ ಹೆಣ್ಣು, ತಿಪ್ಪೇಲಿ ಹಂಗ್ ಕೆದಕಿದ್ರೆ ಸಿಕ್ತದಾ?” ಅಂತ ಅಜ್ಜಿ ಬೈದರು. ಒಳಗೆ ಹೋಗಿ ರಾಗಿ ಜರಡಿ ತಂದು, ಸೆರಗು ಸಿಕ್ಕಿಸಿಕೊಂಡು ನನ್ನ ಪಕ್ಕ ಕೂತರು. “ನೀನು ತುಂಬು, ನಾನ್ ಆಡಿಸ್ತೀನಿ.”

“ರಾಗಿ ಜರಡಿಗೆ ಸಗಣಿ...”

“ಜರಡಿ ಇನ್ನೊಂದ್ ತರಬೌದು. ಸುಮ್ಕೆ ತುಂಬೇ.”

ಮಾವ ಸಗಣಿ ಬಿಡಿಸಿ ಕೊಡುತ್ತಿದ್ದರು, ನಾನು ತುಂಬುತ್ತಿದ್ದೆ, ಅಜ್ಜಿ ಆಡಿಸುತ್ತಿದ್ದರು. ಭಾವನ ಫೋನ್ ಬಂತು. ಕೆಮ್ಮು ಹಾಗೇ ಇದೆ, ಆಂಬುಲೆನ್ಸಿಗೆ ಹೇಳಿದ್ದಾರೆ ಅಂದರು. ಐದನೆಯ ಜರಡಿಯೋ ಆರನೆಯದೋ, ಲೆಕ್ಕ ತಪ್ಪಿತ್ತು, ಒಳಗೆ ಏನೋ ಟಕ್ ಅಂತು. ಮರಕ್ಕೆ ಮರ ತಗುಲಿದ ಸದ್ದು. ಅಜ್ಜಿಯ ಕೈ ನಿಂತಿತು.

ಮಾವ ಅದನ್ನು ಎತ್ತಿ ಪಂಚೆಗೆ ಒರೆಸಿ ಬೆಳಕಿಗೆ ಹಿಡಿದರು. ನಾನು ಭಾವನಿಗೆ “ಸಿಕ್ತು, ಸಿಕ್ತು” ಅಂತ ಫೋನಿನಲ್ಲಿ ಕೂಗುತ್ತಿದ್ದೆ. ಮಾವ ಕೂಗಲಿಲ್ಲ. ಮಣಿಯನ್ನು ತಿರುಗಿಸಿ ನನ್ನ ಕಡೆ ಹಿಡಿದರು. ಕೆಂಪು ಅರಗಿನ ಮೇಲೆ ಎರಡು ಸಣ್ಣ ಗೀರುಗಳಿದ್ದವು, ಪಕ್ಕಪಕ್ಕದಲ್ಲಿ. ಎರಡು ಹಲ್ಲಿನ ಗುರುತು.

ಬಾಯಿಗೆ ಹೋಗಿತ್ತು. ಹೋಗಿ ಹೊರಗೆ ಬಂದಿತ್ತು. ಯಾಕೆ ಹೊರಗೆ ಬಂತು ಅನ್ನುವುದಕ್ಕೆ ನನ್ನ ಹತ್ತಿರ ಯಾವ ಕಾರಣವೂ ಇಲ್ಲ. ನನ್ನ ವಿನ್ಯಾಸದಲ್ಲಂತೂ ಅದಕ್ಕೆ ಕಾರಣವಿರಲಿಲ್ಲ.

ಕೆಮ್ಮು ಸಂಜೆಯ ಹೊತ್ತಿಗೆ ತಾನಾಗಿ ನಿಂತಿತು. ದಾರದ ಎಳೆ ಗಂಟಲಿಗೆ ತಾಕಿರಬಹುದು ಅಂದರು ಡಾಕ್ಟರ್. ಅಕ್ಕ ಮಗನನ್ನು ಮನೆಗೆ ತಂದಳು, ನನ್ನ ಕೈಗೆ ಕೊಡಲಿಲ್ಲ. ನಾನೂ ಕೇಳಲಿಲ್ಲ.

ಸ್ಕೂಟರ್ ಹತ್ತುವಾಗ ಮಾವ ಒಂದೇ ಮಾತು ಅಂದರು. “ಮಿಕ್ಕವು?”

ಸೀದಾ ರಾಮನಗರದ ಅಂಗಡಿಗೆ ಹೋದೆವು. ಅಂಗಡಿಯವರು ಪೂರ್ತಿ ಕೇಳಿಸಿಕೊಂಡು, “ಏನೂ ಆಗಿಲ್ವಲ್ಲಮ್ಮ? ಎಲ್ರೂ ಮೆಚ್ಚಿರೋದೇ ಆ ಮಣೀನ,” ಅಂದರು. ನನಗೆ ಗೊತ್ತಿದ್ದ ವಾದಗಳೆಲ್ಲ ಆ ಹೊತ್ತಿನಲ್ಲಿ ಮರೆತುಹೋದವು. ಜೇಬಿನಿಂದ ಮಣಿ ತೆಗೆದು ಅವರ ಗಲ್ಲಾದ ಮೇಲಿಟ್ಟು, “ಇದನ್ನ ನಿಮ್ಮ ಮೊಮ್ಮಗಳ ಕೈಗೆ ಕೊಟ್ಟು ನೀವು ಒಳಗೆ ಹೋಗ್ತೀರಾ?” ಅಂದೆ. ಅವರು ಗೀರುಗಳನ್ನು ನೋಡಿದರು. ಹುಡುಗರನ್ನು ಕರೆದು ಡಬ್ಬಗಳನ್ನು ಇಳಿಸಿದರು.

ಹದಿನಾಲ್ಕು ಅಲ್ಲೇ ಇದ್ದವು. ಒಂಬತ್ತು ಪಾರ್ಸೆಲಿನಲ್ಲಿ ಹೋಗಿದ್ದವು. ಒಬ್ಬೊಬ್ಬರಿಗೂ ನಾನೇ ಫೋನ್ ಮಾಡಿ, ಮಣಿ ಕತ್ತರಿಸಿ ಎಸೆದು ಫೋಟೋ ಕಳಿಸಿ ಅಂತ ಕೇಳಿದೆ. ಒಂಬತ್ತು ಫೋಟೋ ಬಂದವು. ಉಳಿದದ್ದು ಒಂದು. ವಯಸ್ಸಾದವರೊಬ್ಬರು ಅಂಗಡಿಗೆ ಬಂದು ಕೈಯಲ್ಲೇ ಒಯ್ದಿದ್ದರು. ಹೆಸರಿಲ್ಲ, ನಂಬರಿಲ್ಲ. “ಮಗಳು ಬಾಣಂತನಕ್ಕೆ ಬಂದವಳೆ ಅಂದ್ರು. ಕನಕಪುರದ ಕಡೆ... ಉಯ್ಯಂಬಳ್ಳಿ ಅಂದಂಗಿತ್ತು,” ಅಂದ ಅಂಗಡಿಯ ಹುಡುಗ.

ಮಾವ ಮಾರನೆಯ ದಿನ ಅಕ್ಕನ ಮನೆಗೆ ಒಬ್ಬರೇ ಹೋಗಿ, ಮಗು ಬಾಯಿ ಪೂರ್ತಿ ತೆಗೆದಾಗಿನ ಅಗಲವನ್ನು ದಾರದಲ್ಲಿ ಅಳೆದು ತಂದರು. ಆ ಅಳತೆಗೆ ಒಂದು ಮರದ ಬಳೆ ಕಡೆದು ಮಿಷನ್ನಿನ ಪಕ್ಕ ಮೊಳೆಗೆ ನೇತು ಹಾಕಿದ್ದಾರೆ. ಆ ಬಳೆಯೊಳಗಿಂದ ತೂರುವ ಯಾವುದನ್ನೂ ಅವರು ಈಗ ಮಾಡುವುದಿಲ್ಲ. ಡಬ್ಬಕ್ಕೆ ಮಣಿಯಿಲ್ಲ, ರಟ್ಟಿನ ಕಿವಿಯನ್ನೇ ಸೀಳಿಗೆ ಸಿಕ್ಕಿಸುತ್ತೇವೆ. ನೋಡಲು ಚೆಂದವಿಲ್ಲ. ಮಾವ ಹೊಸ ಬಣ್ಣವನ್ನು ನಾಲಿಗೆಗೆ ತಾಕಿಸಿ ನೋಡುತ್ತಾರೆ, ಅಷ್ಟೇ. ಗಿರಾಕಿಗಳೆದುರು ಚೀಪುವುದನ್ನು ಬಿಟ್ಟರು.

ಭಾನುವಾರ ನಾನು ಉಯ್ಯಂಬಳ್ಳಿಗೆ ಹೋದೆ. ಕನಕಪುರದಲ್ಲಿ ಬಸ್ಸು ಬದಲಿಸಿ ಇಳಿದರೆ, ಯಾರನ್ನು ಏನಂತ ಕೇಳುವುದು? ಟೀ ಅಂಗಡಿಯ ಮುಂದೆ ಕೂತಿದ್ದವರನ್ನೇ ಕೇಳಿದೆ. ಯಾರ ಮನೆಯಲ್ಲಿ ಬಾಣಂತಿ ಇದ್ದಾರೆ, ಯಾರು ರಾಮನಗರದಿಂದ ಗಿಲಕಿ ತಂದರು.

“ಏನವ್ವಾ, ಮಾರಿದ್ ಗೊಂಬೆ ವಾಪಸ್ ಇಸ್ಕಳಕ್ಕೆ ಬಂದಿದ್ದೀಯಾ?” ಅಂದ ಒಬ್ಬ.

“ಲೇ, ಗೊಂಬೇಲಿ ಚಿನ್ನ ಇಟ್ಟು ಮರ್ತವ್ರೆ ಕಣ್ಲಾ!” ಅಂದ ಇನ್ನೊಬ್ಬ. ಎಲ್ಲರೂ ನಕ್ಕರು. ಆದರೂ ಮೂರು ಮನೆ ತೋರಿಸಿದರು. ಮೂರೂ ಮನೆಯಲ್ಲಿ ಕೂಸುಗಳಿದ್ದವು, ಯಾವುದರಲ್ಲೂ ನಮ್ಮ ಡಬ್ಬವಿರಲಿಲ್ಲ. ಸುತ್ತಲ ಹಳ್ಳಿಯವರೂ ಕೇಳಿದವರಿಗೆ ಉಯ್ಯಂಬಳ್ಳಿ ಅಂತಲೇ ಹೇಳುತ್ತಾರೆ ಅಂತ ಆಗ ಗೊತ್ತಾಯಿತು.

ಕೊನೆಯ ಮನೆಯ ಜಗುಲಿಯಲ್ಲಿ ಒಬ್ಬ ಅಜ್ಜಿ ಮೊಮ್ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿದ್ದರು. “ಎಂಥಾದವ್ವ ಅದು? ಒಸಿ ತೋರ್ಸು. ಕಂಡ್ರೆ ಯೋಳ್ತೀನಿ,” ಅಂದರು.

ಜೇಬಿನಿಂದ ಮಣಿ ತೆಗೆದು ಅಂಗೈಯಲ್ಲಿ ಹಿಡಿದೆ. ಬಿಸಿಲಿಗೆ ಅದು ಫಳಫಳ ಹೊಳೆಯಿತು. ಅಜ್ಜಿ ಬಗ್ಗಿ ನೋಡುವ ಮೊದಲೇ ಕೂಸು ಸೊಂಟದಿಂದ ಮುಂದಕ್ಕೆ ಜಿಗಿದು, ಬಾಯಿ ತೆರೆದುಕೊಂಡು, ಎರಡೂ ಕೈ ಚಾಚಿತು. ನಾನು ಮುಷ್ಟಿ ಬಿಗಿದೆ. ಎಷ್ಟು ಬಿಗಿದೆ ಅಂದರೆ ಅಂಗೈ ನೊಂದಿತು.

ಕೂಸು ಅಳಲು ಶುರುಮಾಡಿತು. “ಕೊಡವ್ವ, ಆಡ್ಕಳ್ಳಿ. ನಮ್ಮ್ ಗೊಂಬೆಯೋರ್ ಬಣ್ಣ ತಾನೆ, ಬಾಯಿಗ್ ಹಾಕ್ಕಂಡ್ರೆ ಏನಾದದು?” ಅಂದರು ಅಜ್ಜಿ.

ಮುಷ್ಟಿಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಅವರಿಗೆ ಮೊದಲಿಂದ ಹೇಳಲು ಶುರುಮಾಡಿದೆ.